ಐದನೇ ಸಾಲಿನ ಅಜ್ಜ

ಒಂದೇ ಒಂದು "ಹೂಂ" ಮನುಷ್ಯನನ್ನ ಎಷ್ಟು ದೂರ ಎಳ್ಕೊಂಡು ಹೋಗುತ್ತೆ ಅಂದ್ರೆ, ಆರು ಗಂಟೆ ಬಸ್ಸಲ್ಲಿ ಕೂರಿಸಿ ಸಮುದ್ರದ ದಡದ ತನಕ. ಅದಕ್ಕಿಂತ ದೂರ ಹೋಗಲ್ಲ, ಯಾಕಂದ್ರೆ ಅಲ್ಲಿಂದಾಚೆ ನೀರು.

ಅವನಿಗೆ ಕನ್ನಡಕದ ಅಂಗಡೀಲಿ ಲೆನ್ಸ್ ಕೂರಿಸೋ ಕೆಲಸ. ಬೀದಿಯವರೆಲ್ಲ ಅವನನ್ನ ಹೂಂಸಾರ್ ಅಂತ ಕರೀತಾರೆ. ಯಜಮಾನರು "ಇದು ಇವತ್ತೇ ಆಗ್ಬೇಕು" ಅಂದ್ರೆ "ಹೂಂ ಸಾರ್." ಗಿರಾಕಿ ಬಂದು "ನಿನ್ನೆ ನೀವೇ ಅಲ್ವಾ ನೀಲಿ ಫ್ರೇಮ್ ಕೊಡ್ತೀನಿ ಅಂದಿದ್ದು" ಅಂದ್ರೆ, ನಿನ್ನೆ ಅಂಗಡಿಗೆ ರಜ ಇದ್ರೂ, "ಹೂಂ ಸಾರ್." ಹೆದರಿಕೆ ಆದ್ರೆ ಬೇರೆಯವರಿಗೆ ಬೆವರು ಬರುತ್ತೆ. ಇವನಿಗೆ ಮೊದಲು ಹೂಂ ಬರುತ್ತೆ, ಬೆವರು ಅದರ ಹಿಂದೆ ಬರುತ್ತೆ.

ಮೂರು ವರ್ಷದ ಹಿಂದೆ ಮದುವೆ ಮಾತುಕತೆಗೆ ಅಂತ ಹೋದಾಗ ಎದುರಿಗೆ ಕೂತಿದ್ದು ಹುಡುಗಿಯ ಅಪ್ಪ, ನಿವೃತ್ತ ಹವಾಲ್ದಾರರು. ಅವರ ಮುಖದ ಮೇಲೆ ಮೀಸೆ ಇದೆ ಅನ್ನೋಕಾಗಲ್ಲ, ಮೀಸೆ ಹಿಂದೆ ಎಲ್ಲೋ ಸ್ವಲ್ಪ ಮುಖ ಇದೆ ಅನ್ನಬಹುದು. ಬಲಗೈ ಕಿರುಬೆರಳು ಸೊಟ್ಟ. ಅದನ್ನ ಎತ್ತಿ ತೋರಿಸಿ, "ತೋಪಿಗೆ ಸಿಕ್ಕಿದ್ದು. ಇಪ್ಪತ್ತೆರಡು ವರ್ಷ ತೋಪು ಹಾರಿಸಿದ ಕೈ ಇದು" ಅಂದ್ರು. ಆಮೇಲೆ ಕೇಳಿದ್ರು:

"ನಿಮ್ಮ ಕಡೆ ಯಾರಾದ್ರೂ ಸೈನ್ಯದಲ್ಲಿ ಇದ್ರಾ?"

"ಹೂಂ."

"ಯಾರು?"

"ಅಜ್ಜ."

"ಯಾವ ರೆಜಿಮೆಂಟು?"

ಹೂಂಸಾರ್‌ಗೆ ಗೊತ್ತಿದ್ದಿದ್ದು ಒಂದೇ ರೆಜಿಮೆಂಟು. ಅಂಗಡಿ ಗೋಡೇಲಿದ್ದ ಕ್ಯಾಲೆಂಡರಿನ ಆಗಸ್ಟ್ ಪುಟದಲ್ಲಿ ಸಮುದ್ರದ ಪಕ್ಕ ಒಂದು ಯುದ್ಧ ಸ್ಮಾರಕದ ಫೋಟೋ, ಅದರ ಕೆಳಗೆ ಒಂದು ರೆಜಿಮೆಂಟಿನ ಹೆಸರು. ಅದನ್ನೇ ಹೇಳ್ದ. ಹವಾಲ್ದಾರರ ಮೀಸೆ ಎದ್ದು ನಿಂತ್ಕೊಳ್ತು.

"ಅದು ನನ್ನ ರೆಜಿಮೆಂಟು. ಯುದ್ಧದಲ್ಲೇ ತೀರ್ಕೊಂಡ್ರಾ?"

"ಹೂಂ."

"ಹಾಗಿದ್ರೆ ಸ್ಮಾರಕದ ಕಲ್ಲಲ್ಲಿ ಹೆಸರಿರ್ಬೇಕು."

"ಹೂಂ."

ಮೂರು ಹೂಂಗೆ ಮದುವೆ ಗಟ್ಟಿಯಾಯ್ತು. ನಿಜವಾದ ಅಜ್ಜ ಛತ್ರಿ ರಿಪೇರಿ ಮಾಡ್ತಿದ್ದೋರು. ಎಂಬತ್ಮೂರನೇ ವಯಸ್ಸಲ್ಲಿ ಮಧ್ಯಾಹ್ನ ಊಟ ಮಾಡಿ, ಎಡಮಗ್ಗುಲಾಗಿ ಮಲಗಿದ್ರು, ಏಳಲಿಲ್ಲ. ಅವರು ಜೀವನದಲ್ಲಿ ಯುದ್ಧ ಅಂತ ಮಾಡಿದ್ರೆ ಅದು ಗಾಳಿ ಜೊತೆ, ಅದೂ ಗಿರಾಕಿಗಳ ಪರವಾಗಿ.

ಇಷ್ಟಕ್ಕೆ ಮುಗಿದಿದ್ರೆ ಪರವಾಗಿರ್ಲಿಲ್ಲ. ಮದುವೆ ಆದಮೇಲೆ ಗೊತ್ತಾಯ್ತು, ಮಾವ ತಮ್ಮ ಸ್ವಂತ ತಮ್ಮನ ಜೊತೆ ಹತ್ತೊಂಬತ್ತು ವರ್ಷದಿಂದ ಮಾತು ಬಿಟ್ಟಿದ್ದಾರೆ ಅಂತ. ಕಾರಣ ಏನಪ್ಪಾ ಅಂದ್ರೆ, ತಮ್ಮ ಗಿಡಕ್ಕೆ ನೀರು ಹಾಕದೇನೇ ಹಾಕಿದೆ ಅಂದಿದ್ದ. "ಸುಳ್ಳು ಹೇಳೋನ ಮನೇಲಿ ನನ್ನ ಮಗಳನ್ನ ಒಂದು ಗಂಟೆ ಬಿಡಲ್ಲ, ಕೈ ಹಿಡ್ಕೊಂಡು ಕರ್ಕೊಂಡು ಬರ್ತೀನಿ" ಅಂತ ಮಾವ ತಿಂಗಳಿಗೊಂದು ಸಲ ಯಾವ ಸಂದರ್ಭವೂ ಇಲ್ಲದೆ ಹೇಳ್ತಿದ್ರು. ಹೇಳಿದಾಗೆಲ್ಲ ಹೂಂಸಾರ್ ಕೈಲಿರೋ ಲೋಟ ತಾನೇ ಟೀಪಾಯಿ ಮೇಲೆ ಹೋಗಿ ಕೂತ್ಕೊಳ್ತಿತ್ತು.

ಹೆಂಡತೀನ ಕಳ್ಕೊಳ್ಳೋದು ಅಂದ್ರೆ ಅವನಿಗೆ ಕಣ್ಣು ಕತ್ತಲೆ ಬರ್ತಿತ್ತು. ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಲ್ಲಿ ಹೆಸರು ಬರೆದ್ಕೊಂಡು ಒಳಗೆ ಕಳಿಸೋಳು. ದಿನಾ ನಲವತ್ತು ಹೆದರಿದ ಮುಖ ನೋಡ್ತಾಳೆ, ಯಾರಿಗೆ ಎಷ್ಟು ಭಯ ಅಂತ ಬಾಗಿಲಲ್ಲೇ ಹೇಳ್ತಾಳೆ. ಇಡೀ ಪ್ರಪಂಚದಲ್ಲಿ ಇವನು "ಹೂಂ" ಅಂದಾಗ ತಿರುಗಿ ನೋಡಿ "ನಿಜವಾಗ್ಲೂ?" ಅಂತ ಕೇಳೋಳು ಅವಳೊಬ್ಬಳೇ. ಅಜ್ಜನ ವಿಷಯ ಮಾತ್ರ ಇದುವರೆಗೆ ಕೇಳಿರ್ಲಿಲ್ಲ. ಅದೇ ಇನ್ನೂ ಭಯ.

ಒಂದು ಭಾನುವಾರ ಅತ್ತೆ ನಾಲ್ಕು ಬಸ್ ಟಿಕೆಟ್ ಹಿಡ್ಕೊಂಡು ಬಂದ್ರು. ಹಿಂದೆ ಮಾವ.

"ಮೂರು ವರ್ಷದಿಂದ ಬಡ್ಕೊಳ್ತಿದ್ದೀನಿ, ಅಳಿಯಂದ್ರ ಅಜ್ಜನ ಹೆಸರು ನೋಡ್ಕೊಂಡು ಬರೋಣ ಅಂತ" ಅಂದ್ರು ಅತ್ತೆ. "ಇವರಿಗೆ ಒಂದ್ಸಲ ಮಂಡಿ ನೋವು, ಒಂದ್ಸಲ ಬೆನ್ನು ನೋವು. ನೋಯೋಕೆ ಇನ್ನು ಜಾಗ ಉಳಿದಿಲ್ಲ, ನಾನೇ ಟಿಕೆಟ್ ತಂದೆ. ಬರೋ ಶನಿವಾರ. ಸರಿ ತಾನೇ ಅಳಿಯಂದ್ರೆ?"

"ಹೂಂ" ಅಂದ ಹೂಂಸಾರ್. ಆಮೇಲೆ ಬೆವರಿದ.

ಮಾವ ಫ್ಯಾನ್ ನೋಡ್ತಾ ಕೂತಿದ್ರು. ಬೈಯೋ ಮಾವನ್ನ ಹೂಂಸಾರ್ ಹೇಗೋ ತಡ್ಕೊಳ್ತಿದ್ದ, ಸುಮ್ನೆ ಕೂತಿರೋ ಮಾವ ಅಂದ್ರೆ ಮದ್ದು ತುಂಬಿಟ್ಟ ತೋಪು. ಇವರಿಗೆ ಗೊತ್ತಾಗಿದೆ, ಕಲ್ಲಿನ ಮುಂದೆ ನಿಲ್ಲಿಸಿ ಕೇಳ್ತಾರೆ ಅಂತ ಅವನಿಗೆ ಖಾತ್ರಿ ಆಗೋಯ್ತು.

ಮಾರನೇ ದಿನದಿಂದ ಅವನ ತಯಾರಿ ಶುರು. ಲೆನ್ಸಿನ ಗೀರು ನೋಡೋಕೆ ಅಂತ ಅಂಗಡೀಲಿ ಕಣ್ಣಿಗೆ ಸಿಕ್ಕಿಸ್ಕೊಳ್ಳೋ ಭೂತಗನ್ನಡಿ ಇರುತ್ತಲ್ಲ, ಅದನ್ನ ಹಾಕ್ಕೊಂಡು ಹಳೇ ಕ್ಯಾಲೆಂಡರಿನ ಆಗಸ್ಟಿಗೆ ಮೂಗು ಒತ್ತಿ ನಿಂತ. ಸ್ಮಾರಕದ ಮುಂದಿನ ಗೋಡೆ ತುಂಬ ಹೆಸರು, ಅಚ್ಚು ಒತ್ತಿದ ಹಾಗೆ ಸ್ಪಷ್ಟ. ಅಲ್ಲಿ ಸುಳ್ಳು ನಡೆಯಲ್ಲ. ಆದ್ರೆ ಪಕ್ಕಕ್ಕೆ ಒಂಚೂರು ಹಿಂದಿನ ಗೋಡೆ ಕಾಣ್ತಿತ್ತು. ಅದು ಸಮುದ್ರಕ್ಕೆ ಮುಖ ಮಾಡಿದ್ದು. ಉಪ್ಪುಗಾಳಿ ಬಡಿದು ಬಡಿದು ಅಕ್ಷರ ಎಲ್ಲ ಸವೆದು ಗುಳಿ ಗುಳಿ ಆಗಿತ್ತು. ದೇವರೇ ಇವನಿಗೋಸ್ಕರ ಕೂತು ಸವೆಸಿದ ಹಾಗಿತ್ತು. ಅಲ್ಲೊಂದು ಓದೋಕಾಗದ ಸಾಲು ಹಿಡ್ಕೊಂಡು "ಇವರೇ ನಮ್ಮಜ್ಜ" ಅಂದ್ಬಿಟ್ರೆ, ಇಲ್ಲ ಅನ್ನೋಕೆ ಯಾರಿಗೆ ಸಾಧ್ಯ.

ಇನ್ನೊಂದು ಏರ್ಪಾಡು ಆಗಲೇ ಆಗಿತ್ತು. ಮಾವನ ಕಣ್ಣಿನ ನಂಬರ್ ಬದಲಾಗಿ ಹೊಸ ಕನ್ನಡಕಕ್ಕೆ ಚೀಟಿ ಕೊಟ್ಟಿದ್ರು. ಅದು ರೆಡಿಯಾಗಿ ಒಂಬತ್ತನೇ ಟ್ರೇನಲ್ಲಿ ಕೂತಿತ್ತು. ಮಾವನಿಗೆ ಕಣ್ಣು ಕಾಣದೇ ಇರೋ ಒಂದೊಂದು ದಿನಾನೂ ತನ್ನ ಆಯಸ್ಸಿಗೆ ಸೇರುತ್ತೆ ಅಂತ ಹೂಂಸಾರ್ ಮೊದಲೇ ಲೆಕ್ಕ ಹಾಕಿದ್ದ. "ಲೆನ್ಸ್ ಇನ್ನೂ ಬಂದಿಲ್ಲ ಮಾವ" ಅಂತಿದ್ದ. ವಿಚಿತ್ರ ಏನಂದ್ರೆ, ಟೀ ಎರಡು ನಿಮಿಷ ತಡ ಆದ್ರೆ ಮನೆ ತಲೆಕೆಳಗೆ ಮಾಡೋ ಮಾವ ಕನ್ನಡಕ ಯಾಕೆ ತಡ ಅಂತ ಒಂದು ಮಾತು ಕೇಳ್ಲಿಲ್ಲ. "ನಿಧಾನಕ್ಕೆ ಆಗ್ಲಿ ಬಿಡಿ" ಅಂದ್ರು. ಅವತ್ತು ಹೂಂಸಾರ್‌ಗೆ ನಿದ್ದೆ ಹಾರಿಹೋಯ್ತು.

ಶುಕ್ರವಾರದ ಹೊತ್ತಿಗೆ ವಿಷಯ ಪಕ್ಕದ ಮನೆಯಾಕೆಗೆ ಗೊತ್ತಾಗಿ, ಅಂದ್ರೆ ನಾಲ್ಕು ಅಂತಸ್ತಿಗೂ ಗೊತ್ತಾಗಿ, ಮೆಟ್ಟಿಲ ಹತ್ರ ಜನ ಸೇರಿದ್ರು.

"ಇಷ್ಟು ದಿನ ಪಕ್ಕದಲ್ಲೇ ಇದ್ರೂ ಗೊತ್ತೇ ಇರ್ಲಿಲ್ಲ ನೋಡಿ, ಹುತಾತ್ಮರ ಮೊಮ್ಮಗ ಅಂತ" ಅಂದ್ರು ಪಕ್ಕದ ಮನೆಯಾಕೆ. "ಮೊನ್ನೆ ಜಿರಳೆ ಬಂದಾಗ ಕುರ್ಚಿ ಮೇಲೆ ಹತ್ತಿದ್ರಲ್ಲ, ನಾನು ಬೇರೆ ಏನೋ ಅಂದ್ಕೊಂಡಿದ್ದೆ."

"ಅದು ಯುದ್ಧದಲ್ಲಿ ಎತ್ತರದ ಜಾಗ ಹಿಡಿಯೋದು ಅಂತ" ಅಂದ್ರು ಮೇಲಿನ ಮನೆ ಲೆಕ್ಕದ ಮೇಷ್ಟ್ರು. "ರಕ್ತದಲ್ಲಿ ಬಂದಿರುತ್ತೆ."

"ಫೋಟೋ ತಗೊಂಡು ಬನ್ನಿ. ಕೆಳಗಡೆ ನೋಟಿಸ್ ಬೋರ್ಡಿಗೆ ಹಾಕೋಣ, ನೀರು ಬಿಡೋ ಟೈಮಿನ ಪಕ್ಕ" ಅಂದ್ರು ಇನ್ಯಾರೋ.

"ಹೂಂ" ಅಂದ ಹುತಾತ್ಮರ ಮೊಮ್ಮಗ.

ಬಸ್ಸಲ್ಲಿ ಆರು ಗಂಟೆ. ಅತ್ತೆ ಕಿಟಕಿ ಪಕ್ಕ, ಸಮುದ್ರ ಬಂತಾ ಬಂತಾ ಅಂತ ಮೊದಲನೇ ಗಂಟೆಯಿಂದಾನೇ. ಮಾವ ಕಣ್ಮುಚ್ಚಿ ಕೂತಿದ್ರು, ಆದ್ರೆ ಸೊಟ್ಟ ಕಿರುಬೆರಳು ಮಂಡಿ ಮೇಲೆ ಕುಣೀತಾನೇ ಇತ್ತು. ಹೂಂಸಾರ್ ಆ ಬೆರಳನ್ನೇ ನೋಡ್ತಿದ್ದ. ಟ್ರಿಗರ್ ಒತ್ತೋಕೆ ಮುಂಚೆ ಬೆರಳು ಹೀಗೇ ಆಡುತ್ತೇನೋ.

"ರೀ, ಮುಖ ಯಾಕೆ ಹೀಗಿದೆ?" ಅಂದ್ಲು ಹೆಂಡತಿ. "ದವಡೆ ಹಲ್ಲು ಕೀಳಿಸ್ಕೊಳ್ಳೋರ ಥರ."

"ಅಜ್ಜ ನೆನಪಾದ್ರು."

"ನಿಜವಾಗ್ಲೂ?"

ಹೂಂಸಾರ್ ನಿದ್ದೆ ಬಂದವನ ಹಾಗೆ ತಲೆ ವಾಲಿಸ್ಬಿಟ್ಟ. ಮುಂದಿನ ಸೀಟಿನ ಕಂಬಿಗೆ ಹಣೆ ಹೊಡೀತು. ಆದ್ರೂ ಕಣ್ಣು ಬಿಡ್ಲಿಲ್ಲ.

ಸ್ಮಾರಕ ಫೋಟೋಲಿ ಕಂಡದ್ದಕ್ಕಿಂತ ದೊಡ್ಡದಿತ್ತು. ಗೇಟಿನಿಂದ ಕಲ್ಲು ಹಾಸಿನ ದಾರಿ, ಎರಡೂ ಕಡೆ ಹಳೇ ತೋಪು, ಮಧ್ಯೆ ಎತ್ತರದ ಕಂಬ, ಅದರ ಬುಡದಲ್ಲಿ ಮುಂದೊಂದು ಹಿಂದೊಂದು ನಾಲ್ಕು ಆಳು ಉದ್ದದ ಗೋಡೆ. ಆಚೆ ಸಮುದ್ರ ಒಂದೇ ಸಮನೆ ಗೊಣಗ್ತಿತ್ತು. ಜನ ಇಲ್ಲ. ಅಲ್ಲಿನ ಮೇಲ್ವಿಚಾರಕರು ಮಾತ್ರ ಬೀಗದ ಗೊಂಚಲು ಹಿಡ್ಕೊಂಡು ನೆರಳಲ್ಲಿ ಕೂತಿದ್ರು. ಒಂದು ಕಾಲದಲ್ಲಿ ರೆಜಿಮೆಂಟಿನ ಬ್ಯಾಂಡಲ್ಲಿ ಕಹಳೆ ಊದ್ತಿದ್ದೋರು. ಊದಿ ಊದಿ ಕಿವಿ ಅರ್ಧ ಹೋಗಿತ್ತು.

"ನಾನು ಸಂಬಂಧಿಕರಿಗೆ ಅಚ್ಚು ತೆಗೆದು ಕೊಡ್ತೀನಿ" ಅಂತ ಅವರೇ ಹೇಳಿದ್ರು. "ಕಲ್ಲಿನ ಮೇಲೆ ತೆಳು ಕಾಗದ ಇಟ್ಟು ದಪ್ಪ ಪೆನ್ಸಿಲಲ್ಲಿ ಉಜ್ಜಿದ್ರೆ ಅಕ್ಷರ ಎದ್ದು ಬರುತ್ತೆ. ಎಷ್ಟೇ ಸವೆದಿರ್ಲಿ, ಬರದೇ ಇರಲ್ಲ."

ಹೂಂಸಾರ್ ಕಾಲ ಕೆಳಗಿನ ಕಲ್ಲು ಹಾಸು ಸಮುದ್ರದ ಕಡೆ ಒಂಚೂರು ವಾಲಿದ ಹಾಗಾಯ್ತು. ಆಗಸ್ಟ್ ಪುಟದಲ್ಲಿ ಈ ಪೆನ್ಸಿಲ್ ಇರ್ಲಿಲ್ಲ.

ಮಾವ ಮುಂದಿನ ಗೋಡೆ ಹತ್ರ ನಿಂತು, "ಇಲ್ಲೇ ಹುಡುಕಿ. ಇಲ್ಲೇ ಎಲ್ಲೋ ಇರುತ್ತೆ. ಹಿಂದುಗಡೆ ಏನೂ ಇಲ್ಲ" ಅಂದ್ರು.

ಹೆಂಡತಿ ಆಗಲೇ ಮೇಲಿಂದ ಓದ್ಕೊಂಡು ಬರ್ತಿದ್ಲು, ಹೆಸರು, ಊರು, ದರ್ಜೆ, ಕ್ಲಿನಿಕ್ಕಲ್ಲಿ ಕೂಗೋ ಹಾಗೇ ಪಟಪಟ ಅಂತ. ಇನ್ನು ಹತ್ತು ನಿಮಿಷಕ್ಕೆ ಗೋಡೆ ಮುಗಿಯುತ್ತೆ, ಅದರ ಜೊತೆ ತನ್ನ ಸಂಸಾರಾನೂ. ಹೂಂಸಾರ್ ಧೈರ್ಯ ಒಟ್ಟು ಮಾಡಿ ಮಾವನಿಗೆ ಜೀವನದಲ್ಲಿ ಮೊದಲನೇ ಸಲ ಎದುರು ಮಾತಾಡ್ದ.

"ಇಲ್ಲಿಲ್ಲ ಮಾವ. ಹಿಂದಿನ ಗೋಡೇಲಿ."

ಮಾವ ನಿಧಾನಕ್ಕೆ ತಿರುಗಿದ್ರು. ಮೀಸೆ ಬಿಳಿ, ಅದರ ಹಿಂದಿನ ಮುಖ ಅದಕ್ಕಿಂತ ಬಿಳಿ.

"ಹಿಂದಿನ ಗೋಡೆ ವಿಷಯ ನಿಮಗೆ ಯಾರು ಹೇಳಿದ್ರು?"

ಅಷ್ಟು ಸಣ್ಣ ದನೀಲಿ ಮಾವ ಯಾವತ್ತೂ ಮಾತಾಡಿರ್ಲಿಲ್ಲ. ಹೂಂಸಾರ್‌ಗೆ ಹೂಂ ಕೂಡ ಬರ್ಲಿಲ್ಲ. ಸುಮ್ನೆ ಹಿಂದಕ್ಕೆ ನಡೆದ. ಹಿಂದಿನ ಗೋಡೆ ಮುಂದೆ ನಿಂತು, ಎಲ್ಲಕ್ಕಿಂತ ಸವೆದಿದ್ದ ಸಾಲು ಯಾವುದು ಅಂತ ನೋಡಿ, ಐದನೇದರ ಮೇಲೆ ಬೆರಳಿಟ್ಟ.

"ಇವರೇ ನಮ್ಮಜ್ಜ."

ಮೇಲ್ವಿಚಾರಕರು ಅವನ ಬೆರಳು ನೋಡಿದ್ರು. ಗೋಡೆ ನೋಡಿದ್ರು. ಅವನನ್ನ ಕಾಲಿಂದ ತಲೆ ತನಕ ನೋಡಿದ್ರು.

"ಐದನೇ ಸಾಲು?"

"ಹೂಂ."

"ನಿಮ್ಮ ಅಜ್ಜ?"

"ಹೂಂ."

"ನಾನು ಇಲ್ಲಿಗೆ ಬಂದು ಹದಿನಾರು ವರ್ಷ ಆಯ್ತು. ಈ ಗೋಡೆಗೆ ಅಂತ ಸಂಬಂಧಿಕರು ಬಂದಿದ್ದು ಇದೇ ಮೊದಲು" ಅಂದು ಕಾಗದ ತರೋಕೆ ಹೋದ್ರು. ಇನ್ನೇನೂ ಕೇಳ್ಲಿಲ್ಲ. ಸೈನ್ಯದಲ್ಲಿ ಇದ್ದೋರು, ಸಂಬಂಧದ ವಿಷಯದಲ್ಲಿ ಬಾಯಿ ಹಾಕಲ್ಲ.

ಅವರು ಎಡಚರು. ಕಾಗದ ಇಟ್ಟು ಬಲತುದಿಯಿಂದ ಉಜ್ಜೋಕೆ ಶುರು ಮಾಡಿದ್ರು. ಸರ್ ಸರ್ ಅಂತ ಸದ್ದು. ಪ್ರತಿ ಸರ್‌ಗೂ ಹೂಂಸಾರ್ ಬೆನ್ನಮೇಲೆ ಒಂದೊಂದು ಹನಿ ಇಳೀತಿತ್ತು. ಮೊದಲು ಸಾಲಿನ ಕೊನೆ ಎದ್ದು ಬಂತು. ಹೆಂಡತಿ ಬಗ್ಗಿ ಓದಿದ್ಲು:

"ಹಿಂದೆ ಸರಿಯಲಿಲ್ಲ."

"ಅಯ್ಯೋ, ಎಂಥಾ ಮನುಷ್ಯ" ಅಂದ್ರು ಅತ್ತೆ, ಸೆರಗು ಕಣ್ಣಿಗೊತ್ತಿಕೊಂಡು.

ಸರ್ ಸರ್.

"ಮೂರು ಸಲ ಗಾಯ."

"ಮೂರು ಸಲ. ಇವರಿಗೆ ಒಂದು ಬೆರಳಿಗೇ ಇಷ್ಟು ಜಂಬ."

ಮಾವ ಪಕ್ಕದಲ್ಲಿದ್ದ ಒಂದು ತೋಪಿನ ಗಾಡಿ ಹಿಡ್ಕೊಂಡು ನಿಂತಿದ್ರು. ಸರ್ ಸರ್.

"ಹನ್ನೊಂದು ವರ್ಷ ಸೇವೆ. ಸಂಖ್ಯೆ ನಲವತ್ತೊಂದು."

"ಸಿಪಾಯಿಗಳಿಗೆಲ್ಲ ನಂಬರ್ ಇರುತ್ತೆ" ಅಂತ ಅತ್ತೆ ವಿವರಿಸಿದ್ರು. "ಇನ್ನು ಹೆಸರು ಬರುತ್ತೆ ನೋಡು."

ಹೂಂಸಾರ್‌ಗೂ ಒಂದು ಕ್ಷಣ ಎದೆ ಉಬ್ಬಿತು. ತನ್ನ ಅಜ್ಜ ಇಷ್ಟೆಲ್ಲ ಮಾಡಿದ್ದಾರಾ ಅನ್ನಿಸ್ಬಿಡ್ತು. ಪೆನ್ಸಿಲ್ ಎಡತುದಿ ಮುಟ್ಟಿತು. ಹೆಂಡತಿ ಓದೋಕೆ ಬಾಯಿ ತೆಗೆದ್ಲು, ಮುಚ್ಚಿದ್ಲು. ಇನ್ನೊಂದ್ಸಲ ನೋಡಿದ್ಲು.

"ಹೇಸರಗತ್ತೆ" ಅಂದ್ಲು.

ಸಮುದ್ರ ಒಂದು ಅಲೆ ಮುಗಿಸಿ ಇನ್ನೊಂದು ಶುರು ಮಾಡಿತು.

"ಅದು ಮನೆತನದ ಹೆಸರಾ?" ಅಂದ್ರು ಅತ್ತೆ.

"ಅಮ್ಮಾವ್ರೆ, ಈ ಗೋಡೆ ಪ್ರಾಣಿಗಳದು" ಅಂದ್ರು ಮೇಲ್ವಿಚಾರಕರು, ಪುಡಿ ಊದ್ತಾ. "ಮೇಲಿನ ನಾಲ್ಕು ಕುದುರೆ. ಐದರಿಂದ ಹನ್ನೊಂದು ಹೇಸರಗತ್ತೆ. ಕೊನೇದು ನಾಯಿ. ತಾಳಿ, ಅಜ್ಜನ ಫೋಟೋನೂ ಇದೆ, ತರ್ತೀನಿ." ಯಾವ ವ್ಯಂಗ್ಯನೂ ಇಲ್ಲದೆ ಹೇಳಿ ಹೋದ್ರು.

ಹೂಂಸಾರ್ ಹೋಗೋಕೆ ದಾರಿ ನೋಡ್ದ. ಮುಂದೆ ಗೋಡೆ, ಹಿಂದೆ ಸಮುದ್ರ, ಪಕ್ಕದಲ್ಲಿ ಮಾವ. ಸಮುದ್ರಾನೇ ವಾಸಿ ಅನ್ನಿಸ್ತು, ಆದ್ರೆ ಈಜು ಬರಲ್ಲ. ಅಷ್ಟರಲ್ಲಿ ಹೆಂಡತಿ ಬ್ಯಾಗ್ ತೆಗೆದು ಒಂದು ಕನ್ನಡಕದ ಡಬ್ಬಿ ಹೊರಗೆ ತೆಗೆದ್ಲು.

"ಅಪ್ಪ, ಇದನ್ನ ಹಾಕ್ಕೊಂಡು ನೀವೇ ಓದಿ. ನಿನ್ನೆ ಅಂಗಡಿ ಯಜಮಾನರು ಕರೆದು ಕೊಟ್ರು. ಹದಿನೆಂಟು ದಿನದಿಂದ ಒಂಬತ್ತನೇ ಟ್ರೇನಲ್ಲಿ ಇತ್ತಂತೆ."

ಅವಳು ಗಂಡನ ಕಡೆ ನೋಡ್ಲಿಲ್ಲ. ಅವನಿಗೆ ಅದು ಗೋಡೆಗಿಂತ ಜಾಸ್ತಿ ಹೆದರಿಕೆ ಆಯ್ತು.

ಮಾವ ಡಬ್ಬಿ ಮುಟ್ಲಿಲ್ಲ. "ಬೇಡ ಮಗಳೇ. ಅದೇನು ಅಂತ ನಂಗೆ ಗೊತ್ತು" ಅಂದ್ರು. ಆಮೇಲೆ ಅಳಿಯನ ಕಡೆ ತಿರುಗಿ, "ಯಾವಾಗ ಗೊತ್ತಾಯ್ತು ನಿಮಗೆ?"

"ಏ... ಏನು ಮಾವ?"

"ನಾನು ತೋಪಿನವನಲ್ಲ ಅಂತ."

ಅತ್ತೆಯ ಸೆರಗು ಕಣ್ಣಿಂದ ಕೆಳಗಿಳೀತು.

"ಇಪ್ಪತ್ತೆರಡು ವರ್ಷದಲ್ಲಿ ಒಂದು ತೋಪೂ ಹಾರಿಸಿಲ್ಲ ನಾನು" ಅಂದ್ರು ಮಾವ, ಗೋಡೆಗೆ ಹೇಳೋ ಹಾಗೆ. "ಹೇಸರಗತ್ತೆ ಹೊಡ್ಕೊಂಡು ಹೋಗೋ ಕೆಲಸ. ತೋಪಿನ ಭಾಗ ಎಲ್ಲ ಬಿಚ್ಚಿ ಅವುಗಳ ಬೆನ್ನ ಮೇಲೆ ಹೇರಿ ಗುಡ್ಡ ಹತ್ತಿಸೋದು. ನಲವತ್ತೊಂದು ನಂದು. ಏಳು ವರ್ಷ ಅದರ ಜೊತೇಲೇ ಮಲಗಿದ್ದೆ. ಅದರ ಸಾಲು ಇಲ್ಲಿ ಕೆತ್ತಿಸಿ ಅಂತ ಒಂಬತ್ತು ಕಾಗದ ಬರೆದೆ. ಕೆತ್ತಿದ್ದಾರೆ ಅಂತ ಗೊತ್ತಾದಮೇಲೂ ನೋಡೋಕೆ ಬರ್ಲಿಲ್ಲ. ಬಂದ್ರೆ ನಿಮಗೆಲ್ಲ ಗೊತ್ತಾಗುತ್ತಲ್ಲ."

"ಹಾಗಾದ್ರೆ ಬೆರಳು?" ಅಂದ್ರು ಅತ್ತೆ.

"ಕಚ್ಚಿತು. ತಪ್ಪು ನಂದೇ. ಎರಡು ಕ್ಯಾರೆಟ್ ತರ್ತೀನಿ ಅಂತ ಹೇಳಿ ಒಂದೇ ತಂದಿದ್ದೆ."

ಆಮೇಲೆ ಮಾವ ಹೂಂಸಾರ್ ಭುಜದ ಮೇಲೆ ಕೈ ಇಟ್ರು.

"ನೀವು ದೊಡ್ಡ ಮನುಷ್ಯರು ಅಳಿಯಂದ್ರೆ. ಎಲ್ಲ ಗೊತ್ತಿದ್ದೂ ಇವರ ಮುಂದೆ ನನ್ನ ಮಾನ ಹೋಗ್ಬಾರ್ದು ಅಂತ ನನ್ನ ಹೇಸರಗತ್ತೆನ ನಿಮ್ಮ ಅಜ್ಜ ಅಂದ್ಬಿಟ್ರಿ. ನಾನು ಓದಿ ಸಂಕಟ ಪಡಬಾರ್ದು ಅಂತ ಕನ್ನಡಕಾನೂ ತಡ ಮಾಡಿದ್ರಿ. ಅಲ್ವಾ?"

ಹೂಂಸಾರ್ ಜೀವನದಲ್ಲಿ ಇದುವರೆಗೆ ಹೇಳಿದ ಅಷ್ಟೂ ಹೂಂಗಳು ಇದೊಂದಕ್ಕೆ ಅಭ್ಯಾಸ ಇದ್ದ ಹಾಗಿತ್ತು. ನಾಲಿಗೆ ತುದೀಲಿ ರೆಡಿಯಾಗಿ ಕೂತಿತ್ತು. ಬಾಯಿ ಬಿಟ್ರೆ ಸಾಕು, ಸಂಸಾರ ಉಳೀತು, ಮೇಲೆ ದೊಡ್ಡ ಮನುಷ್ಯ ಅನ್ನೋ ಬಿರುದು.

ಆಗ ಹೆಂಡತಿ ಅವನನ್ನ ನೋಡಿದ್ಲು. ಏನೂ ಕೇಳ್ಲಿಲ್ಲ. ಹುಬ್ಬು ಮಾತ್ರ ಒಂಚೂರು ಮೇಲೆ ಹೋಯ್ತು, ಅಷ್ಟೇ. ನಿಜವಾಗ್ಲೂ?

"ಇಲ್ಲ" ಅಂದ ಹೂಂಸಾರ್.

ಆ ಪದ ಅವನ ಬಾಯಿಗೆ ಹೊಸದು, ಹೊಸ ಕಟ್ಟಿಸಿದ ಹಲ್ಲಿನ ಹಾಗೆ ಅಡ್ಡ ಬಂತು.

"ಇಲ್ಲ ಮಾವ. ನಂಗೇನೂ ಗೊತ್ತಿರ್ಲಿಲ್ಲ. ನಮ್ಮಜ್ಜ ಛತ್ರಿ ರಿಪೇರಿ ಮಾಡ್ತಿದ್ರು. ಊಟ ಮಾಡಿ ಮಲಗಿದವರು ಹೋದ್ರು. ಅವತ್ತು ನಿಮ್ಮ ಮೀಸೆ ನೋಡಿ ಹೆದರಿ ಹೇಳ್ಬಿಟ್ಟೆ. ಕನ್ನಡಕ ತಡ ಮಾಡಿದ್ದು ನೀವು ಓದ್ಬಾರ್ದು ಅಂತಾನೇ, ಆದ್ರೆ ನನಗೋಸ್ಕರ."

ಮಾವನ ಕೈ ಭುಜದ ಮೇಲೇ ಇತ್ತು, ಏನು ಮಾಡ್ಬೇಕು ಅಂತ ಅದಕ್ಕೂ ಗೊತ್ತಿಲ್ಲದ ಹಾಗೆ.

"ಛತ್ರಿ ವಿಷಯ ನಂಗೆ ಮದುವೆಯಾದ ಎರಡನೇ ವಾರಾನೇ ಗೊತ್ತು" ಅಂದ್ಲು ಹೆಂಡತಿ. "ನಿಮ್ಮಮ್ಮ ಹೇಳಿದ್ರು. ನೀವಾಗೇ ಯಾವತ್ತು ಹೇಳ್ತೀರೋ ನೋಡೋಣ ಅಂತ ಕಾಯ್ತಿದ್ದೆ. ಮೂರು ವರ್ಷ ಆಯ್ತು. ನಮ್ಮ ಕ್ಲಿನಿಕ್ಕಲ್ಲೂ ಇಷ್ಟು ಹೊತ್ತು ಯಾರೂ ಬಾಯಿ ಮುಚ್ಕೊಂಡು ಕೂತಿಲ್ಲ."

ಮಾವ ಗಂಟಲು ಸರಿ ಮಾಡ್ಕೊಂಡ್ರು. ಮೀಸೆ ನಿಧಾನಕ್ಕೆ ಮೇಲೇಳೋಕೆ ಶುರುವಾಯ್ತು. "ಸುಳ್ಳು ಹೇಳೋನ ಮನೇಲಿ ನನ್ನ ಮಗಳನ್ನ..."

"ಬಿಡಲ್ಲ, ಅಲ್ವಾ?" ಅಂದ್ರು ಅತ್ತೆ. "ಸರಿ. ಬಾ ಮಗಳೇ, ಹೋಗೋಣ. ಕರ್ಕೊಂಡು ಹೋಗಿ ಎಲ್ಲಿ ಇಡೋಣ ರೀ? ನಮ್ಮನೇಲಾ? ಅಲ್ಲಿ ಸುಳ್ಳು ಹೇಳೋರು ಯಾರೂ ಇಲ್ವಲ್ಲ."

ಮೀಸೆ ಅರ್ಧ ದಾರೀಲೇ ನಿಂತು ಕೆಳಗಿಳೀತು.

"ಮೊದಲು ನಿಮ್ಮ ತಮ್ಮನಿಗೆ ಫೋನ್ ಮಾಡಿ" ಅಂದ್ರು ಅತ್ತೆ. "ಪಾಪ, ಒಂದು ಗಿಡದ ನೀರಿಗೆ ಹತ್ತೊಂಬತ್ತು ವರ್ಷ."

ಮೇಲ್ವಿಚಾರಕರು ಒಂದು ಕೈಲಿ ಫೋಟೋ, ಇನ್ನೊಂದು ಕೈಲಿ ದಪ್ಪ ಪುಸ್ತಕ ಹಿಡ್ಕೊಂಡು ಬಂದ್ರು. ಫೋಟೋದಲ್ಲಿ ಒಂದು ಹೇಸರಗತ್ತೆ, ಉದ್ದ ಮುಖ, ಜಗತ್ತಲ್ಲಿ ಎಲ್ಲದಕ್ಕೂ ಹೆದರಿ ಎಲ್ಲದಕ್ಕೂ ಒಪ್ಪಿಕೊಂಡಂಥ ಕಣ್ಣು. ಅದರ ಕುತ್ತಿಗೆ ತಬ್ಬಿಕೊಂಡು ಮೀಸೆ ಇನ್ನೂ ಮೂಡದ ಒಬ್ಬ ಸಣಕಲು ಸಿಪಾಯಿ. ಮಾವ ಆಗ ಕನ್ನಡಕ ಇಸ್ಕೊಂಡು ಹಾಕ್ಕೊಂಡ್ರು. ತುಂಬ ಹೊತ್ತು ನೋಡಿದ್ರು. ಹೂಂಸಾರ್ ಕೂರಿಸಿದ ಲೆನ್ಸು, ಎರಡು ಸಲ ತೆಗೆದು ಒರೆಸಬೇಕಾಯ್ತು, ಲೆನ್ಸಿನ ತಪ್ಪಲ್ಲ.

"ಈ ಅಚ್ಚಿನ ಕಾಗದ ನಾನು ತಗೊಂಡು ಹೋಗ್ಬಹುದಾ?" ಅಂದ್ರು ಮಾವ.

"ನೀವು ಏನಾಗ್ಬೇಕು ಅದಕ್ಕೆ?"

ಮಾವ ಕನ್ನಡಕ ಸರಿ ಮಾಡ್ಕೊಂಡ್ರು.

"ಸಂಬಂಧಿಕರಿಗೆ ಮಾತ್ರ ಕೊಡೋದು ಸಾರ್. ಪುಸ್ತಕದಲ್ಲಿ ಸಂಬಂಧ ಏನು ಅಂತ ಬರೀಬೇಕು. ಬರೀದೇ ಕೊಟ್ರೆ ನನ್ನ ಕೆಲಸ ಹೋಗುತ್ತೆ." ಅರ್ಧ ಕಿವಿಯವರು, ಇಲ್ಲಿ ನಡೆದದ್ದು ಒಂದೂ ಅವರಿಗೆ ಕೇಳಿರ್ಲಿಲ್ಲ. ಪೆನ್ನು ತೆಗೆದು ಹೂಂಸಾರ್ ಕಡೆ ತಿರುಗಿದ್ರು. "ಆಗಲೇ ನೀವು ಮೊಮ್ಮಗ ಅಂದ್ರಲ್ಲ. ಹೌದಾ?"

ಹೂಂಸಾರ್ ಮಾವನ ಕಡೆ ನೋಡ್ದ. ಸೊಟ್ಟ ಕಿರುಬೆರಳು ಕಾಗದದ ಅಂಚನ್ನ ಹಿಡ್ಕೊಂಡಿತ್ತು, ಬಿಡ್ತಿರ್ಲಿಲ್ಲ. ಹೆಂಡತಿ ಕಡೆ ನೋಡ್ದ. ಅವಳು ಈ ಸಲ ಹುಬ್ಬು ಎತ್ತಲಿಲ್ಲ, ಸಮುದ್ರದ ಕಡೆ ತಿರುಗಿ ನಿಂತ್ಲು.

"ಹೂಂ" ಅಂದ.

ಬೆವರು ಬರುತ್ತೆ ಅಂತ ಕಾದ. ಬರ್ಲಿಲ್ಲ.

ಮೇಲ್ವಿಚಾರಕರು "ಮೊಮ್ಮಗ" ಅಂತ ದುಂಡಗೆ ಬರೆದು, ಸೀಲು ಒತ್ತಿದ್ರು. ಆಮೇಲೆ ಫೋಟೋ ಎತ್ತಿ ಅವನ ಮುಖದ ಪಕ್ಕ ಹಿಡಿದು, ಒಂದ್ಸಲ ಅದನ್ನ, ಒಂದ್ಸಲ ಇವನನ್ನ ನೋಡಿ, ತೃಪ್ತಿಯಿಂದ ತಲೆ ಆಡಿಸಿದ್ರು.

"ಹೋಲಿಕೆ ಇದೆ."